ನೀರು–ಉಪ್ಪುಗಳ ಲೆಕ್ಕವಿಟ್ಟ ವೈದ್ಯ: ಸರ್ ಲಿಯೊನಾರ್ಡ್ ರೋಜರ್ಸ್

ಪರೇಲಿನ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ಕೇಳದ ವಿದ್ಯಾರ್ಥಿಗಳು ನಮ್ಮ ಮುಂಬಯಿಯಲ್ಲಿ ವಿರಳ. 1896ರಲ್ಲಿ ಈ ನಗರಕ್ಕೆ ಬಂದು ಪ್ಲೇಗಿಗೆ ಲಸಿಕೆಯನ್ನು ಸಿದ್ಧಪಡಿಸಿದ ಹಾಫ್‌ಕಿನ್ ಮಹಾಶಯರು ಅದಕ್ಕೂ ಮೊದಲೇ ಕಾಲರಾ ರೋಗಕ್ಕೆ ಲಸಿಕೆಯನ್ನು ಕಂಡುಹಿಡಿದಿದ್ದರು. ಲಸಿಕೆಯು ರೋಗ ಬಾರದಂತೆ ತಡೆಯುವ ಉಪಾಯ. ಆದರೆ ರೋಗವು ಬಂದೇ ಬಿಟ್ಟವರ ಗತಿಯೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಇದೇ ಭಾರತ ಭೂಮಿಯಲ್ಲಿ ಹಲವು ವರ್ಷ ದುಡಿದ ಇನ್ನೊಬ್ಬ ವೈದ್ಯರ ಜೀವನವನ್ನು ನಾವು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಮೊದಲು ನಮ್ಮ ಶರೀರದ ಒಂದು ಗುಟ್ಟನ್ನು ತಿಳಿದುಕೊಳ್ಳಬೇಕು. ವಯಸ್ಕನ ದೇಹದ ತೂಕದಲ್ಲಿ ಸುಮಾರು ಶೇಕಡಾ 60 ಭಾಗ ನೀರು. ಆ ನೀರು ಬರಿಯ ನೀರಲ್ಲ; ಅದರಲ್ಲಿ ಉಪ್ಪು ಮೊದಲಾದ ಲವಣಗಳು ಗೊತ್ತಾದ ಪ್ರಮಾಣದಲ್ಲಿ ಕರಗಿವೆ. ಮೇ ತಿಂಗಳ ಸೆಖೆಯಲ್ಲಿ, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ನಾವು ಬೆವರಿನಿಂದ ತೊಯ್ದು ಹೋದಾಗ ಬಾಯಾರಿಕೆಯಾಗುತ್ತದೆ. ಮೂತ್ರಪಿಂಡಗಳು ನೀರನ್ನು ಹೊರಬಿಡದೆ ಉಳಿಸಿಕೊಳ್ಳುತ್ತವೆ. ಹೀಗೆ ದೇಹವು ತನ್ನ ಸಮಸ್ಥಿತಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. 1926ರಲ್ಲಿ ಅಮೆರಿಕೆಯ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ ಈ ಗುಣಕ್ಕೆ ಹೋಮಿಯೊಸ್ಟಾಸಿಸ್ ಎಂಬ ಹೆಸರನ್ನು ಕೊಟ್ಟನು. ಆದರೆ ಕಾಲರಾ ಬಂದಾಗ ಈ ಕಾವಲು ಮುರಿದು ಬೀಳುತ್ತದೆ.

ಲಿಯೊನಾರ್ಡ್ ರೋಜರ್ಸ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಹೆಲ್ಸ್‌ಟನ್ ಊರಿನ ಬಳಿ 1868ರ ಜನವರಿ 18ರಂದು ಜನಿಸಿದರು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು, 1893ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿದರು. ಅಸ್ಸಾಮಿನಲ್ಲಿ ಕಾಲಾ ಅಜಾರ್ ಎಂಬ ಜ್ವರದ ವಿಚಾರಣೆ ನಡೆಸಿದ ಮೇಲೆ, 1900ರಿಂದ ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ರೋಗವಿಜ್ಞಾನದ ಅಧ್ಯಾಪಕರಾಗಿ ದುಡಿದರು.

ಆ ಕಾಲದ ಕಲಕತ್ತೆಯ ಆಸ್ಪತ್ರೆಯನ್ನು ನಾವು ಕಣ್ಣಮುಂದೆ ತಂದುಕೊಳ್ಳೋಣ. ಬೆಳಗ್ಗೆ ಗಟ್ಟಿಮುಟ್ಟಾಗಿದ್ದ ಕೂಲಿಯವನೊಬ್ಬನು ಸಂಜೆಯ ಹೊತ್ತಿಗೆ ಗುರುತು ಸಿಗದಂತಾಗಿರುತ್ತಾನೆ. ಅಕ್ಕಿ ತೊಳೆದ ನೀರಿನಂತಹ ಭೇದಿ ನಿಲ್ಲುವುದಿಲ್ಲ. ಕಣ್ಣುಗಳು ಗುಳಿ ಬಿದ್ದಿವೆ, ಸ್ವರ ಉಡುಗಿದೆ, ಚಿವುಟಿದ ಚರ್ಮ ಹಾಗೆಯೇ ನಿಲ್ಲುತ್ತದೆ, ನಾಡಿ ಕೈಗೆ ಸಿಗದು. ರೋಗವು ಪ್ರಬಲವಾದಾಗ ಗಂಟೆಗೆ ಒಂದು ಲೀಟರಿನಷ್ಟು ದ್ರವವೂ ಹೊರಟು ಹೋಗಬಹುದು. ಹತ್ತು ಮಂದಿ ರೋಗಿಗಳಲ್ಲಿ ಸುಮಾರು ಆರು ಮಂದಿ ಅಲ್ಲಿ ಮೃತರಾಗುತ್ತಿದ್ದರು.

ಕಳೆದುಹೋದ ನೀರನ್ನು ರಕ್ತನಾಳದ ಮೂಲಕ ತುಂಬಬೇಕೆಂಬ ವಿಚಾರ ಹೊಸದೇನಲ್ಲ. 1832ರಲ್ಲಿಯೇ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಎಂಬ ವೈದ್ಯನು ಉಪ್ಪುನೀರನ್ನು ನಾಳಕ್ಕೆ ಹಾಯಿಸಿ ಕೆಲವರನ್ನು ಬದುಕಿಸಿದ್ದನು. ಆದರೆ ಹಾಗೆ ಕೊಟ್ಟ ನೀರು ಮತ್ತೆ ಭೇದಿಯಾಗಿ ಹೋಗುತ್ತಿದ್ದುದರಿಂದ ಆ ಚಿಕಿತ್ಸೆ ಬಹುಮಟ್ಟಿಗೆ ಮೂಲೆಗೆ ಸೇರಿತ್ತು. ರೋಜರ್ಸ್ ಅದನ್ನು ಮತ್ತೆ ಕೈಗೆತ್ತಿಕೊಂಡರು. ರೋಗಿಯು ನೀರಿನೊಡನೆ ಉಪ್ಪನ್ನೂ ವಿಪರೀತವಾಗಿ ಕಳೆದುಕೊಂಡಿರುತ್ತಾನೆಂದೂ, ಉಪ್ಪಿಲ್ಲದೆ ನೀರು ರಕ್ತದಲ್ಲಿ ನಿಲ್ಲದೆಂದೂ ಅವರು ತರ್ಕಿಸಿದರು. ಅದಕ್ಕಾಗಿ ಸಾಮಾನ್ಯವಾದ ಶೇಕಡಾ 0.9ರ ದ್ರಾವಣಕ್ಕಿಂತ ಗಾಢವಾದ ಉಪ್ಪುನೀರನ್ನು ಬಳಸತೊಡಗಿದರು.

ಇದಕ್ಕಿಂತ ಹೆಚ್ಚಾಗಿ ನಾವು ಮೆಚ್ಚಬೇಕಾದುದು ಅವರ ಅಳತೆಯ ಶ್ರದ್ಧೆ. ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಅವರು ಊಹೆಗೆ ಬಿಡಲಿಲ್ಲ. ಗ್ಲಿಸರಿನ್ ಮತ್ತು ನೀರನ್ನು ಬೇರೆ ಬೇರೆ ಸಾಂದ್ರತೆಯಲ್ಲಿ ಬೆರೆಸಿದ ಪುಟ್ಟ ಸೀಸೆಗಳಲ್ಲಿ ರೋಗಿಯ ರಕ್ತದ ಹನಿಯನ್ನು ಬಿಟ್ಟು, ಅದು ಮುಳುಗುವುದೋ ತೇಲುವುದೋ ಎಂದು ನೋಡುತ್ತಿದ್ದರು. ಅದರಿಂದ ರಕ್ತವು ಎಷ್ಟು ಗಟ್ಟಿಯಾಗಿದೆ, ಎಷ್ಟು ನೀರು ಕಡಿಮೆಯಾಗಿದೆ ಎಂಬುದು ಹಾಸಿಗೆಯ ಬಳಿಯಲ್ಲಿಯೇ ತಿಳಿಯುತ್ತಿತ್ತು. 1908ರ ಹೊತ್ತಿಗೆ ಹತ್ತು ಮಂದಿಯಲ್ಲಿ ಸಾಯುವವರ ಸಂಖ್ಯೆ ಆರರಿಂದ ಮೂರರ ಆಸುಪಾಸಿಗೆ ಇಳಿಯಿತು. ಬದುಕಿದವರಲ್ಲಿಯೂ ಕೆಲವರಿಗೆ ಮೂತ್ರ ಕಟ್ಟಿ ಮರಣ ಬರುತ್ತಿತ್ತು. ಅದಕ್ಕೆ ಮುಂದೆ ಸೋಡಾ ಬೆರೆತ ಕ್ಷಾರ ದ್ರಾವಣವನ್ನೂ ಕೊಟ್ಟು ಸಾವನ್ನು ಇನ್ನಷ್ಟು ಕಡಿಮೆ ಮಾಡಿದರು.

ಅವರ ದುಡಿಮೆ ಇಷ್ಟಕ್ಕೇ ನಿಲ್ಲಲಿಲ್ಲ. ಆಮಶಂಕೆಗೆ ಎಮೆಟಿನ್ ಚುಚ್ಚುಮದ್ದನ್ನು 1912ರಲ್ಲಿ ಬಳಕೆಗೆ ತಂದರು. ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯ ಸ್ಥಾಪನೆಗೆ ಬಹಳವಾಗಿ ಶ್ರಮಿಸಿದರು. 1914ರಲ್ಲಿ ಅವರಿಗೆ ಸರ್ ಪದವಿ ಬಂದಿತು. ಸ್ವದೇಶಕ್ಕೆ ಮರಳಿದ ಮೇಲೆ ಕುಷ್ಠರೋಗಿಗಳ ನೆರವಿಗಾಗಿ 1924ರಲ್ಲಿ ಸಂಘವೊಂದನ್ನು ಕಟ್ಟುವುದರಲ್ಲಿ ಮುಂದಾದರು. ತೊಂಬತ್ತನಾಲ್ಕು ವರ್ಷದ ತುಂಬು ಬಾಳನ್ನು ಬಾಳಿ 1962ರ ಸೆಪ್ಟೆಂಬರ್ 16ರಂದು ತೀರಿಕೊಂಡರು.

ಅವರ ಮಾರ್ಗವೇ ಕೊನೆಯದಾಗಲಿಲ್ಲ. ಗಾಢವಾದ ಉಪ್ಪುನೀರನ್ನು ಇಂದು ಕಾಲರಾಕ್ಕೆ ಬಳಸುವುದಿಲ್ಲ. ರಕ್ತಕ್ಕೆ ಸಮನಾದ ದ್ರಾವಣವನ್ನೇ ಬೇಕಾದಷ್ಟು ಕೊಡುತ್ತಾರೆ. ಅಲ್ಲದೆ ಅವರ ಚಿಕಿತ್ಸೆಗೆ ಸೂಜಿಯೂ ಶುದ್ಧವಾದ ದ್ರಾವಣವೂ ನುರಿತ ವೈದ್ಯನೂ ಬೇಕಾಗಿದ್ದುದರಿಂದ ದೂರದ ಹಳ್ಳಿಯ ಬಡವನಿಗೆ ಅದು ನಿಲುಕಲಿಲ್ಲ. ಸಕ್ಕರೆಯ ಅಂಶವು ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆಂಬುದು 1960ರ ದಶಕದಲ್ಲಿ ಸ್ಥಿರಪಟ್ಟಿತು. 1971ರಲ್ಲಿ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸು ಕರಗಿಸಿದ ನೀರನ್ನು ಕುಡಿಸಿಯೇ ಸಾವಿನ ಪ್ರಮಾಣವನ್ನು ನೂರಕ್ಕೆ ನಾಲ್ಕಕ್ಕಿಂತಲೂ ಕೆಳಗೆ ಇಳಿಸಿದರು. ಅಂದು ಆ ನೀರನ್ನು ಬಾಯಿಗೆ ಹಾಕಿದವರಲ್ಲಿ ರೋಗಿಗಳ ತಾಯಂದಿರೂ ಬಂಧುಗಳೂ ಇದ್ದರು. ಇಂದು ಔಷಧದಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣವು ಅದರ ಮುಂದುವರಿದ ರೂಪವೇ.

ನಮ್ಮ ನಗರದ ಯಾವುದೇ ದೊಡ್ಡ ಆಸ್ಪತ್ರೆಗೆ ಹೋದರೂ ರೋಗಿಯ ಹಾಸಿಗೆಯ ಬಳಿ ಒಂದು ಕಾಗದವನ್ನು ಕಾಣಬಹುದು. ಎಷ್ಟು ಕುಡಿದನು, ನಾಳದಿಂದ ಎಷ್ಟು ಹೋಯಿತು, ಮೂತ್ರವೆಷ್ಟು, ವಾಂತಿಯೆಷ್ಟು ಎಂದು ದಾದಿಯರು ಹಗಲಿರುಳೂ ಅದರಲ್ಲಿ ಬರೆಯುತ್ತಾರೆ. ಮೇಲ್ನೋಟಕ್ಕೆ ಅದು ಬರಿಯ ಅಂಕಿಗಳ ಪಟ್ಟಿ. ಆದರೆ ನಡುರಾತ್ರಿಯಲ್ಲಿ ಒಂದು ಅಂಕಿ ತಪ್ಪಿದರೆ, ದೇಹದ ತಕ್ಕಡಿ ವಾಲುತ್ತಿರುವುದು ಯಾರಿಗೂ ತಿಳಿಯದೆ ಹೋದೀತು. ರೋಜರ್ಸ್ ರಕ್ತದ ಹನಿಯನ್ನು ಅಳೆದುದೂ, ದಾದಿಯು ಲೋಟದ ನೀರನ್ನು ಅಳೆಯುವುದೂ ಒಂದೇ ಶ್ರದ್ಧೆಯ ಎರಡು ಮುಖಗಳು. ಕರುಣೆಯೊಡನೆ ಸರಿಯಾದ ಲೆಕ್ಕವೂ ಕೂಡಿದಾಗಲೇ ಶುಶ್ರೂಷೆ ಪೂರ್ಣವಾಗುವುದೆಂಬುದನ್ನು ಈ ಮಹನೀಯರ ಜೀವನದಿಂದ ವಿದ್ಯಾರ್ಥಿಗಳಾದ ನಾವೆಲ್ಲರೂ ಕಲಿಯೋಣ.