ದಂಡವೂ ದಯೆಯೂ

ನವಲಗುಂದ ಸೀಮೆಯ ತಿರ್ಲಾಪುರದಲ್ಲಿ ಬೆಳೆದ ನನಗೆ ದೇವರ ನ್ಯಾಯವೆಂದರೆ ಚಿತ್ರಗುಪ್ತನ ಲೆಕ್ಕವೇ ಆಗಿತ್ತು. ಅಲ್ಲಿ ಪ್ರೀತಿಗೆ ಎಡೆಯಿರಲಿಲ್ಲ. ಆ ಎಣಿಕೆಯನ್ನು ಅಲುಗಿಸಿದುದು ಫರ್ಡಿನೆಂಡ್ ಕಿಟ್ಟೆಲ್ಲರ ಬಾಳು.

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಈ ಬಾಸೆಲ್ ಮಿಶನ್ ಪಾದ್ರಿಗಳು 1853ರಲ್ಲಿ ಭಾರತಕ್ಕೆ ಬಂದು, ಧಾರವಾಡ ಪ್ರಾಂತದಲ್ಲಿ ಕನ್ನಡ ಕಲಿತರು. ಸುವಾರ್ತೆಯನ್ನು ಸಾರಲು ಬಂದವರು ಮೊದಲು ನಮ್ಮ ಮಾತನ್ನು ಕೇಳಲು ಕುಳಿತರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಇಳಿಸಿದರು. 1872ರಲ್ಲಿ ಯಜ್ಞವನ್ನು ಕುರಿತು ಪುಸ್ತಕ ಬರೆದು, ವೇದಗಳ ಬಲಿಯಿಂದ ಶಿಲುಬೆಯ ಬಲಿಗೆ ದಾರಿ ತೋರಹೊರಟರು.

ಕ್ರೈಸ್ತರ ನಂಬಿಕೆಯ ತಿರುಳು ಆ ಶಿಲುಬೆಯಲ್ಲಿದೆ. ಪಾಪಕ್ಕೆ ದಂಡ ತಪ್ಪದು. ಆದರೆ ದಂಡ ವಿಧಿಸಬೇಕಾದವನೇ ಅದನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾನೆ. ನ್ಯಾಯದ ಬೆಲೆಯನ್ನು ಪ್ರೀತಿ ತಾನೇ ತೆರುತ್ತದೆ.

ಸುಮಾರು 70,000 ಶಬ್ದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ತೀರಿಕೊಂಡರು.

ಅವರ ಮತ ನನ್ನದಲ್ಲ. ಆದರೂ ಆ ನಿಘಂಟನ್ನು ತೆರೆದಾಗಲೆಲ್ಲ ಬೆರಗಾಗುತ್ತೇನೆ: ಪಂಡಿತರ ಪದದೊಡನೆ ಹಳ್ಳಿಗರ ಗಾದೆಯನ್ನೂ ತೂಗಿನೋಡಿ, ಎರಡಕ್ಕೂ ಸ್ಥಳ ಕೊಟ್ಟಿದ್ದಾರೆ. ಪ್ರೀತಿಯಿಂದ ಹೀಗೆ ತೂಗುವವನಿದ್ದರೆ, ಆ ತಕ್ಕಡಿಯೆದುರು ನಿಲ್ಲಲು ನನಗೆ ಈಗ ಅಂಜಿಕೆಯಿಲ್ಲ.