ಹೆರ್ಮನ್ ಮೊಗ್ಲಿಂಗ್ ಅಯ್ಯನವರ ಚರಿತ್ರೆ

ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ನಮ್ಮ ಸಭೆಗಳಲ್ಲಿ ಅಕ್ಷರ ಬಲ್ಲವನು ಪತ್ರಿಕೆಯನ್ನು ಓದುವದೂ ಉಳಿದವರು ಸುತ್ತಲೂ ಕುಳಿತು ಕೇಳುವದೂ ಉಂಟು. ಕನ್ನಡದಲ್ಲಿ ಮೊದಲನೆಯ ವರ್ತಮಾನ ಪತ್ರಿಕೆಯನ್ನು ಹೊರಡಿಸಿದವರು ಈ ದೇಶದಲ್ಲಿ ಹುಟ್ಟಿದವರಲ್ಲವೆಂಬದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಆ ಹೆರ್ಮನ್ ಮೊಗ್ಲಿಂಗ್ ಅಯ್ಯನವರು 1811ರಲ್ಲಿ ಜರ್ಮನಿ ದೇಶದ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ದೈವಜ್ಞಾನವನ್ನು ಕಲಿತು, ಬಾಸೆಲ್ ಮಿಶನಿನವರಿಂದ ಕಳುಹಿಸಲ್ಪಟ್ಟು 1836ರ ಡಿಸೆಂಬರ್ ತಿಂಗಳಲ್ಲಿ ಮಂಗಳೂರಿಗೆ ಬಂದಿಳಿದರು.

ಆ ಊರಿನ ಬಾಳನ್ನು ನಮ್ಮ ಬಯಲುಸೀಮೆಯವರು ಊಹಿಸುವದು ಕಷ್ಟ. ಚಳ್ಳಕೆರೆಯಲ್ಲಿ ಎರಡು ಹದಮಳೆ ಬಿದ್ದರೆ ಕರ್ತನಿಗೆ ಸ್ತೋತ್ರ ಹೇಳಿ ಶೇಂಗಾ ಬಿತ್ತುತ್ತೇವೆ. ಅಲ್ಲಿಯಾದರೋ ಮಳೆಗಾಲ ಹಿಡಿಯಿತೆಂದರೆ ತಿಂಗಳುಗಟ್ಟಲೆ ಬಿಡದು. ಪಡುವಲಲ್ಲಿ ಸಮುದ್ರ, ತೆಂಕಲಲ್ಲಿ ನೇತ್ರಾವತಿ, ಬಡಗಲಲ್ಲಿ ಗುರುಪುರದ ಹೊಳೆ, ಮೂಡಲಲ್ಲಿ ಘಟ್ಟ. ಊರು ನಡುಗಡ್ಡೆಯ ಹಾಗೆ ಒಂಟಿಯಾಗಿ ನಿಲ್ಲುವದು. ಪುಸ್ತಕಗಳಿಗೆ ಬೂಷ್ಟು ಹಿಡಿಯುವದು, ಹೊರಗಿನವರಿಗೆ ಜ್ವರ ತಪ್ಪದು. ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಕಚೇರಿಯಲ್ಲಿಯೂ ಮಠದಲ್ಲಿಯೂ ಕನ್ನಡ. ಇವುಗಳ ನಡುವೆ ಇಪ್ಪತ್ತೈದು ವರುಷದ ಪರದೇಶಿಯೊಬ್ಬನು ಮುನ್ಶಿಯ ಮುಂದೆ ಕುಳಿತು, ಮಕ್ಕಳ ಹಾಗೆ ಕಾಗುಣಿತ ತಿದ್ದಬೇಕಾಯಿತು. ಅಯ್ಯನವರು ಅದನ್ನು ಅವಮಾನವೆಂದು ಎಣಿಸಲಿಲ್ಲ. ಹಗಲಲ್ಲಿ ಹುಡುಗರಿಗೆ ಕಲಿಸುವರು, ಹುಡುಗರಿಂದ ತಾವೂ ಕಲಿಯುವರು. ಶಿಷ್ಯರೊಂದಿಗೆ ಒಂದೇ ಮನೆಯಲ್ಲಿ ವಾಸಮಾಡಿದ್ದರಿಂದ, ಗ್ರಂಥದ ಕನ್ನಡ ಮಾತ್ರವಲ್ಲದೆ ಊಟದ ಎಲೆಯ ಮುಂದೆ ಆಡುವ ಕನ್ನಡವೂ ಅವರಿಗೆ ಬಂದಿತು. ಜನರ ಬಾಯಲ್ಲಿದ್ದ ಗಾದೆಗಳನ್ನು ಕೂಡಿಸಿ ಬರೆದಿಟ್ಟರು. ನಮ್ಮಂಥ ಉಪದೇಶಿಗಳನ್ನು ಸಿದ್ಧಪಡಿಸುವದಕ್ಕಾಗಿ ಮಂಗಳೂರಿನ ಬಲ್ಮಠದಲ್ಲಿ ದೈವಜ್ಞಾನ ಶಾಲೆಯನ್ನು ಕಟ್ಟಿದವರೂ ಅವರೇ.

1843ನೇ ಇಸವಿ ಜುಲಾಯಿ ತಿಂಗಳ 1ನೇ ತಾರೀಖಿನಲ್ಲಿ ಅವರು ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಆರಂಭಿಸಿದರು. ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಾರಿ, ಕ್ರಯ ಒಂದು ದುಡ್ಡು. ಊರ ವರ್ತಮಾನ, ಸರ್ಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆ, ದಾಸರ ಹಾಡು, ಇವೆಲ್ಲವೂ ಅದರಲ್ಲಿ ಇರುತ್ತಿದ್ದವು. ಆಗ ಮಂಗಳೂರಲ್ಲಿ ಅಚ್ಚಿನ ಮೊಳೆಗಳಿರಲಿಲ್ಲ. ಮುಂಬಯಿಯಿಂದ 1841ರಲ್ಲಿ ತರಲ್ಪಟ್ಟ ಕಲ್ಲಚ್ಚು ಮಾತ್ರವಿತ್ತು. ಆ ಕೆಲಸದ ಗುಟ್ಟು ಗಾಣದ ಎಣ್ಣೆ ಕಂಡ ಚಳ್ಳಕೆರೆಯವರಿಗೆ ಬೇಗನೆ ತಿಳಿಯುವದು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಿ, ಕಲ್ಲನ್ನು ನೀರಿನಿಂದ ತೇವಮಾಡುವರು. ಎಣ್ಣೆಯೂ ನೀರೂ ಕೂಡವಾದದರಿಂದ, ಆಮೇಲೆ ಹಚ್ಚಿದ ಮಸಿ ಅಕ್ಷರಗಳಿಗೆ ಮಾತ್ರ ಅಂಟುವದು, ತೇವವಾದ ಕಲ್ಲಿಗೆ ಅಂಟದು. ಕಾಗದವನ್ನು ಅದರ ಮೇಲಿಟ್ಟು ಒತ್ತಿದರೆ ಬರಹ ಏಳುವದು. ಒಂದೊಂದು ಅಕ್ಷರವನ್ನೂ ಕೈಯಿಂದಲೇ ಬರೆಯಬೇಕಾಗಿದ್ದ ಆ ಕೆಲಸವನ್ನು ಜುಲಾಯಿ ತಿಂಗಳ ಮಳೆಯಲ್ಲಿ ಆರಂಭಿಸಿದವರ ತಾಳ್ಮೆ ದೊಡ್ಡದು.

ಮರುವರುಷ, ಅಂದರೆ 1844ರಲ್ಲಿ, ಪತ್ರಿಕೆಯ ಅಚ್ಚು ನಮ್ಮ ಬಳ್ಳಾರಿಗೆ ಬಂದಿತು. ಮೊಳೆಯಚ್ಚು ಅಲ್ಲಿತ್ತು, ಲಂಡನ್ ಮಿಶನಿನವರು ಕನ್ನಡ ಸತ್ಯವೇದಕ್ಕಾಗಿ ಅಲ್ಲಿ ಬಹಳ ಮುಂಚೆಯೇ ದುಡಿದಿದ್ದರು. ಹೆಸರನ್ನು ‘ಕನ್ನಡ ಸಮಾಚಾರ’ವೆಂದು ಬದಲಾಯಿಸಿದರು. ಹೀಗೆ ಕಡಲ ತೀರದಲ್ಲಿ ಹುಟ್ಟಿದ ಕೂಸು ಮೊಳಕಾಲ್ಮೂರಿನ ನೆರೆಯ ಪಟ್ಟಣದಲ್ಲಿ ಬೆಳೆಯಿತು.

ಇನ್ನು ಒಂದು ಸಂಗತಿ. ಅಯ್ಯನವರು 1848ರಿಂದ ಕೆಲವು ವರುಷ ಜೈಮಿನಿ ಭಾರತ, ಬಸವಪುರಾಣ, ಕುಮಾರವ್ಯಾಸನ ಭಾರತ, ದಾಸರ ಪದಗಳು ಮೊದಲಾದವುಗಳನ್ನು ಓಲೆಗರಿಗಳಿಂದ ತೆಗೆದು ಅಚ್ಚುಹಾಕಿಸಿದರು. ಸುವಾರ್ತೆ ಸಾರಲು ಬಂದವರಿಗೆ ಈ ಕೆಲಸವೇಕೆಂದು ನಮ್ಮ ಸಭೆಗಳಲ್ಲಿ ಕೇಳುವವರು ಇದ್ದಾರೆ. ಇದಕ್ಕೆ ಮಿಶನಿನ ಕಾಣಿಕೆಯ ಹಣ ಹೋಗಲಿಲ್ಲ. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ವೆಚ್ಚವನ್ನು ವಹಿಸಿದರು. ನನ್ನ ಅಭಿಪ್ರಾಯವನ್ನು ಹೇಳುವದಾದರೆ, ಒಬ್ಬನ ಮನೆಬಾಗಿಲಲ್ಲಿ ನಿಂತು ಮಾತಾಡಬೇಕಾದವನು ಆ ಮನೆಯವರ ಮಾತನ್ನು ಮೊದಲು ಕೇಳಬೇಕು. ಅಲ್ಲದೆ ಓಲೆಗರಿಯಲ್ಲಿದ್ದ ಗ್ರಂಥವು ಬಡವನ ಕೈಗೆ ಸಿಕ್ಕುತ್ತಿರಲಿಲ್ಲ. ಅಚ್ಚಿಗೆ ಬಂದದ್ದು ಯಾವ ಕುಲದವನ ಕೈಗಾದರೂ ಬರಬಹುದು.

ಹದಿನಾರು ವರುಷದ ದುಡಿತದ ತರುವಾಯ, 1852ರಲ್ಲಿ, ಅವರು ಸ್ವದೇಶಕ್ಕೆ ಹೊರಡಲು ಸಿದ್ಧವಾಗಿದ್ದರು. ಆಗಲೇ ಆಲಮಂಡ ಸೋಮಯ್ಯನೆಂಬ ಕೊಡಗಿನವನು, ಸನ್ಯಾಸಿಯಾಗಿ ಸತ್ಯವನ್ನು ಹುಡುಕುತ್ತಾ ಅಲೆದವನು, ಮಂಗಳೂರಿಗೆ ಬಂದು ದೇವರ ಮಾರ್ಗವನ್ನು ಕೇಳಿದನು. ಹಡಗಿಗೆ ಮುಖಮಾಡಿದ್ದವರು ಘಟ್ಟಕ್ಕೆ ತಿರುಗಿದರು. 1853ರಲ್ಲಿ ಸೋಮಯ್ಯನಿಗೆ ದೀಕ್ಷಾಸ್ನಾನವಾಯಿತು; ಅವನ ಮನೆತನದವರು ಇದನ್ನು ಸಹಿಸಲಿಲ್ಲ. ಅಯ್ಯನವರು ಕೊಡಗಿನಲ್ಲಿಯೇ ನೆಲೆಸಿದರು. ಕೊಡಗಿನ ವಿಷಯವಾಗಿ ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1855ರಲ್ಲಿ ಬೆಂಗಳೂರಲ್ಲಿ ಅಚ್ಚಾಯಿತು.

ಆದರೆ ಸುವಾರ್ತೆಯ ಕಡೆಗೆ ಹಿಂಡಾಗಿ ಬಂದವರು ದೊಡ್ಡ ಮನೆತನದವರಲ್ಲ, ಅವರ ಗದ್ದೆಗಳಲ್ಲಿ ದುಡಿಯುತ್ತಿದ್ದ ಹೊಲೆಯರು. ಭೂಮಿಯ ಸಂಗಡ ಒಡೆಯನಿಗೆ ಕಟ್ಟುಬಿದ್ದಿದ್ದ ಆ ಜನರಿಗೆ ಸ್ವಂತ ಗುಡಿಸಲಾದರೂ ಇರಲೆಂದು ಆನಂದಪುರವೆಂಬ ಊರು ಕಾಡಿನಲ್ಲಿ ಕಟ್ಟಲ್ಪಟ್ಟಿತು. ಕಾಫಿ ತೋಟವನ್ನೂ ಹಾಕಿದರು. ಟ್ಯೂಬಿಂಗೆನ್ ವಿದ್ಯಾಪೀಠವು ಅವರ ಕನ್ನಡ ಸೇವೆಗಾಗಿ 1858ರಲ್ಲಿ ಡಾಕ್ಟರ್ ಪದವಿಯನ್ನು ಕೊಟ್ಟಾಗ ಅವರು ಈ ಬಡಜನರ ನಡುವೆ ಇದ್ದರು. ಇವೆರಡರಲ್ಲಿ ಯಾವದನ್ನು ಅವರ ಮುಖ್ಯ ಕೆಲಸವೆಂದು ಹೇಳಬೇಕೋ, ಓದುಗರೇ ಯೋಚಿಸಬಹುದು.

ಪತ್ನಿಯ ದೇಹಾಲಸ್ಯದ ನಿಮಿತ್ತ ಅಯ್ಯನವರು 1860ರಲ್ಲಿ ಜರ್ಮನಿಗೆ ಹಿಂದಿರುಗಬೇಕಾಯಿತು. ಇಪ್ಪತ್ತನಾಲ್ಕು ವರುಷ ಕನ್ನಡದಲ್ಲಿ ಬಾಳಿದವರಿಗೆ ಅಲ್ಲಿ ಆ ಭಾಷೆಯನ್ನಾಡುವ ನೆರೆಯವರು ಯಾರು? ಅವರು ತಿರುಗಿ ಇತ್ತ ಬರಲಿಲ್ಲ. 1881ರಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು. ಅದೇ ಮಿಶನಿನ ಕಿಟ್ಟೆಲ್ ಅಯ್ಯನವರ ದೊಡ್ಡ ನಿಘಂಟು ಮಂಗಳೂರಲ್ಲಿ ಅಚ್ಚಾದದ್ದು 1894ರಲ್ಲಿ. ಮೊಗ್ಲಿಂಗರು ಅದನ್ನು ಕಾಣಲಿಲ್ಲ. ಜುಲಾಯಿ 1ನೇ ತಾರೀಖನ್ನು ಈಗ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಕಲ್ಲಚ್ಚಿನ ಆ ಹಳೆಯ ಹಾಳೆಗಳನ್ನು ಬಲ್ಮಠದ ದೈವಜ್ಞಾನ ಶಾಲೆಯ ಸಂಗ್ರಹದಲ್ಲಿ ಕಾಪಾಡಿಟ್ಟಿದ್ದಾರೆ. ಮಂಗಳೂರಿಗೆ ಹೋದವರು ಕೇಳಿ ನೋಡಬಹುದು.