ಇಂದಿನ ಧಮ್ಮ ಚಿಂತನೆ: ನನ್ನನ್ನು ತಡೆದವರು ಯಾರು?



ಪಾಳಿ ಕಲಿಯಲು ಪುಸ್ತಕ ತಂದ ನಾನು, ವಿಭಕ್ತಿಗಳ ಪಾಠ ಬಂದಾಗ ಕೆಲಸ, ಸಂಸಾರ ಎಂದು ನೆಪ ಹೇಳಿ ಮುಚ್ಚಿಟ್ಟೆ. ಆಗ ನೆನಪಾದದ್ದು ಬಾಬಾಸಾಹೇಬರ ಓದು.

ಮುಂಬೈನ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಓದುವ ಆಸೆಯಿತ್ತು. ಅಸ್ಪೃಶ್ಯರ ಹುಡುಗನಿಗೆ ಕಲಿಸಲು ಮೇಷ್ಟ್ರು ಒಪ್ಪಲಿಲ್ಲ. ವಿಧಿಯಿಲ್ಲದೆ ಪರ್ಷಿಯನ್ ಹಿಡಿದರು. ಸಿಕ್ಕಿದ್ದನ್ನೇ ಶ್ರದ್ಧೆಯಿಂದ ಓದಿದರು. ಕಾಲೇಜಿನಲ್ಲಿಯೂ ಇಂಗ್ಲಿಷ್ ಜೊತೆ ಪರ್ಷಿಯನ್ ಓದಿ 1912ರಲ್ಲಿ ಬಿ.ಎ. ಪಾಸಾದರು.

ಆಮೇಲೆ ಕೊಲಂಬಿಯಾ, ಲಂಡನ್, ಅರ್ಥಶಾಸ್ತ್ರ, ಕಾನೂನು. ಇಷ್ಟೆಲ್ಲದರ ನಡುವೆಯೂ ಅಂದು ಸಿಗದ ಸಂಸ್ಕೃತವನ್ನು ಮರೆಯಲಿಲ್ಲ, ಸ್ವಂತ ಪ್ರಯತ್ನದಿಂದ ಕಲಿತರು. ಮುಂದೆ ಬುದ್ಧರ ಮಾತು ತಲುಪಲು ಪಾಳಿಯನ್ನೂ ಕಲಿತರು. ತಾವು ಕಲಿತು ಸುಮ್ಮನಾಗಲಿಲ್ಲ. ಪಾಳಿ ವ್ಯಾಕರಣ, ನಿಘಂಟುಗಳನ್ನೂ ಸಿದ್ಧಪಡಿಸಿದರು. ಅವು ಅಚ್ಚಾಗುವುದನ್ನು ನೋಡಲು ಅವರಿರಲಿಲ್ಲ.

ಅವರನ್ನು ತಡೆದದ್ದು ಜಾತಿ. ನನ್ನನ್ನು ಇಂದು ಯಾರೂ ತಡೆದಿಲ್ಲ. ತಡೆದದ್ದು ಐದು ನೀವರಣಗಳಲ್ಲಿ ಒಂದಾದ ಥೀನಮಿದ್ಧ, ನನ್ನದೇ ಜಡತೆ.

ತನಗೆ ಮುಚ್ಚಿದ ಬಾಗಿಲನ್ನು ಅವರು ನಮಗಾಗಿ ತೆರೆದಿಟ್ಟು ಹೋದರು. ಹೊಸ್ತಿಲು ದಾಟುವ ಕೆಲಸವಾದರೂ ನಮ್ಮದಲ್ಲವೇ? ಇಂದು ಸಂಜೆ ಆ ಪುಸ್ತಕ ಮತ್ತೆ ತೆರೆಯುತ್ತೇನೆ. ವಂದನೆಯಲ್ಲಿ ದಿನವೂ ಹೇಳುವ ಒಂದು ಪದದ ಅರ್ಥವನ್ನಾದರೂ ನೀವೂ ತಿಳಿದುಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ. 🙏